ಕುಂಟ ಸವಾರನ ಎಡಗಾಲು

ತಾನೇ ಕೂಗಿದ ಮಾತನ್ನು ತಾನೇ ನಂಬಿದ್ದು ಮರಿಲಿಂಗಪ್ಪನ ತಪ್ಪು.

ಶಹಾಪುರದಲ್ಲಿ ಸರಕಾರದ ಹುಕುಂ ಯಾವುದೇ ಇರಲಿ, ಹಲಗಿ ಹೊಡೆದು ಸಾರುವವನು ಅವನೇ. ನಿಜಾಮನ ಹುಕುಂಗಳನ್ನು ಸಾರಿದ್ದ. ನಿಜಾಮನ ಸರಕಾರ ಹೋದದ್ದನ್ನೂ ಅದೇ ಹಲಗಿ ಹೊಡೆದು ಸಾರಿದ್ದ. ಹಲಗಿಗೇನು, ಬೆಂಕಿಗೆ ಹಿಡಿದು ಕಾಸಿದರೆ ಯಾವ ಸರಕಾರಕ್ಕೂ ಬಾರಿಸುತ್ತದೆ. ಹೊಸದಾಗಿ ಬಂದ ತಹಸೀಲ್ದಾರ ಸಾಹೇಬ ಖಾದಿ ಟೊಪ್ಪಿಗೆಯ ಹುಡುಗ ಮನುಷ್ಯ. ಒಂದು ದಿನ ಅವನನ್ನು ಕರೆದು, "ಇವತ್ತಿನಿಂದ ಬಾವಿ, ಹೋಟೆಲು, ಸಿನಿಮಾ ಡೇರೆ, ಎಲ್ಲಾ ಕಡೆ ಎಲ್ಲರೂ ಬರಾಬರಿ ಅಂತ ಸಾರು" ಅಂದ. ಮರಿಲಿಂಗಪ್ಪ ಸಾರಿದ. ಕಳೆದುಹೋದ ಎಮ್ಮೆಯ ಸುದ್ದಿ ಕೇಳಿದ ಹಾಗೆ ಊರು ಅದನ್ನು ಕೇಳಿ ಮಗ್ಗುಲು ಬದಲಿಸಿತು. ಖರೇ ಅಂತ ಕೇಳಿಸಿಕೊಂಡವನು ಒಬ್ಬನೇ, ಹಲಗಿ ಹಿಡಿದವನು.

ಪ್ರತಿ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಬಸವಂತ್ರಾಯನ ಸಿನಿಮಾ ಡೇರೆ ಊರ ಹೊರಗಿನ ಬಯಲಿಗೆ ಬರುತ್ತಿತ್ತು. ಡೇರೆಯ ಒಂದು ಮಗ್ಗುಲಿಗೆ ರಸ್ತೆ, ಇನ್ನೊಂದು ಮಗ್ಗುಲಿಗೆ ಹಳ್ಳ. ನಟ್ಟನಡುವೆ ಬಿಳಿ ಅರಿವೆಯ ಪರದೆ. ರಸ್ತೆ ಕಡೆ ಕುರ್ಚಿ, ಬೆಂಚು, ಊರಿನ ಮಂದಿ. ಹಳ್ಳದ ಕಡೆ, ಪರದೆಯ ಬೆನ್ನಿಗೆ, ಕೇರಿಯ ಮಂದಿ. ಸಿನಿಮಾ ಅದೇ, ಟಿಕೀಟೂ ಅದೇ. ಆದರೆ ಹಿಂದಿನಿಂದ ಎಲ್ಲವೂ ಉಲ್ಟಾ. ಕೇರಿಯವರು ನೋಡಿದ ರಾಜರೆಲ್ಲ ಎಡಗೈಲೆ ಉಂಡರು, ಎಡಗೈಲೆ ಕತ್ತಿ ಹಿರಿದರು. ಪುರಾಣದ ಸಿನಿಮಾ ಬಂದಾಗ ದೇವರುಗಳೂ ಕೇರಿಗೆ ಎಡಗೈಲೆ ಆಶೀರ್ವಾದ ಮಾಡಿದರು.

ಮರಿಲಿಂಗಪ್ಪನ ತಾಯಿ ಮೋನಮ್ಮನಿಗೆ ಕಣ್ಣಿಗೆ ಪೊರೆ ಬರುತ್ತಿತ್ತು. ಒಂದು ಕಣ್ಣು ಆಗಲೇ ಹಾಲಿನಂತೆ ಬೆಳ್ಳಗಾಗಿತ್ತು. ಮುದುಕಿಯದು ಒಂದೇ ಹಟ: "ಮುಂದ ಕುಂತ್ರ ಹೆಂಗ ಕಾಣತದಪಾ? ಈ ಇನ್ನೊಂದ ಕಣ್ಣ ಹೋಗೂದ್ರಾಗ ಒಮ್ಮೆ ತೋರಸು."

ಅದಕ್ಕೇ ಮರಿಲಿಂಗಪ್ಪ ತಹಸೀಲ್ದಾರನ ಮುಂದೆ ಹೋಗಿ ನಿಂತ. ತಹಸೀಲ್ದಾರ ಡೇರೆಯ ಮಾಲಕ ಬಸವಂತ್ರಾಯನನ್ನು ಕರೆಸಿ ಗದರಿಸಿದ. ಬಸವಂತ್ರಾಯ ಹರೆಯದಲ್ಲಿ ನಾಟಕ ಕಂಪನಿಯೊಳಗೆ ಬಣ್ಣ ಹಚ್ಚಿದವನು. ಅವನು ಎರಡೂ ಕೈ ಮುಗಿದ. ಕಣ್ಣಲ್ಲಿ ನೀರು ತುಂಬಿಕೊಂಡ.

"ಮರಿಲಿಂಗಪ್ಪನೋರೇ, ನನ್ನ ಕಣ್ಣ ತೆರಿಸಿದ್ರಿ. ನಾಳಿಂದ ರಸ್ತೆಕಡಿ ನಿಮ್ದು. ಊರಾಗಿನವ್ರು ಹಳ್ಳದ ಕಡಿ ಕುಂದರತಾರ. ಕುರ್ಚಿ ಅಷ್ಟು ಅವರವರ ಮನೀವು ನೋಡ್ರಿ, ಅವು ಅವ್ರ ಜೋಡಿ ಹೋಗತಾವ."

ಕುರ್ಚಿ ಯಾರಿಗೆ ಬೇಕಾಗಿತ್ತು! ಹುಟ್ಟಿದಾಗಿನಿಂದ ಯಾರೂ ತನ್ನ ಹೆಸರಿಗೆ 'ಓರೇ' ಅಂತ ಬಾಲ ಹಚ್ಚಿದ್ದಿಲ್ಲ. ಮರಿಲಿಂಗಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹಾಗೆ ನಿನ್ನೆ ಸಂಜೆ ಇಡೀ ಕೇರಿ ರಸ್ತೆ ಕಡೆ ಕುಳಿತು ಸಿನಿಮಾ ನೋಡಿತ್ತು. ಮೋನಮ್ಮ ಎಲ್ಲರಿಗಿಂತ ಮುಂದೆ, ಮೂಗು ಪರದೆಗೆ ತಾಗುವ ಹಾಗೆ ಕುಳಿತಿದ್ದಳು. ಬಂದದ್ದು ಇಂಗ್ಲಿಷರ ಕುದುರೆ ಸಿನಿಮಾ. ಮನೆಗೆ ಬಂದು ಮುದುಕಿ ಊಟ ಮಾಡಲಿಲ್ಲ. "ಹೊಟ್ಟಿ ತುಂಬ್ಯಾದ" ಅಂದಳು.

ತಂಟೆ ಶುರುವಾದದ್ದು ಇವತ್ತು ಮುಂಜಾನೆ, ಮೌನಪ್ಪನ ಚಾದಂಗಡಿಯ ಮುಂದೆ.

ಅಂಗಡಿಯೊಳಗೆ ಬೆಂಚಿನ ಮೇಲೆ ಕಚೇರಿಯ ಕಾರಕೂನ ಅಂಬ್ರಪ್ಪ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಹೊರಗೆ ಬೇವಿನ ಗಿಡಕ್ಕೆ ತೂಗುಹಾಕಿದ ತನ್ನ ತಗಡಿನ ಬಟ್ಟಲು ಇಳಿಸಿಕೊಂಡು ಮರಿಲಿಂಗಪ್ಪ ನಿಂತಿದ್ದ. ಚಾದಂಗಡಿಗೂ ಹುಕುಂ ಸಾರಿದ್ದು ಖರೇ. ಆದರೆ ಒಂದು ಸಲಕ್ಕೆ ಒಂದು ಕಡೆ ಅಂತ ಅವನು ಸಮಾಧಾನ ತಂದುಕೊಂಡಿದ್ದ.

"ಎಂಥಾ ದರಿದ್ರ ಸಿನಿಮಾನೋ ಅದು!" ಮೌನಪ್ಪ ಚಾ ಸೋಸುತ್ತ ಅಂದ. "ಕುದುರಿ ಇದ್ದು ಓಡಲಿಲ್ಲ, ಬಂದೂಕ ಇದ್ದು ಹಾರಲಿಲ್ಲ. ಇಬ್ಬರು ಗಂಡಸ್ರು, ನಡುವ ಒಂದು ಬಾಗಲ. ಒಳಗೊಬ್ಬ ಕುಂತ, ಹೊರಗೊಬ್ಬ ಕುಂತ. ಕುಂತರು, ಕುಂತರು, ಕುಂತೇ ಕುಂತರು. ನನ್ನ ಬೆನ್ನ ಹಿಡೀತು."

"ನಿನಗ ತಿಳಿಯಂಗಿಲ್ಲ ಬಿಡು," ಅಂದ ಅಂಬ್ರಪ್ಪ. "ಒಳಗ ಕುಂತಿದ್ನಲ್ಲ ಕರಿ ಟೊಪ್ಪಿಗಿ ಡಾಕು, ಅವಂದು ನೋಡು ಆಕ್ಟಿಂಗು! ಮುಖದ ಮ್ಯಾಲ ನೊಣ ಕುಂತ್ರೂ ಕಣ್ಣ ಪಿಳುಕಿಸಲಿಲ್ಲ."

ಮರಿಲಿಂಗಪ್ಪನಿಗೆ ತಡೆಯಲಾಗಲಿಲ್ಲ. "ಸತ್ತಾವ ಹೆಂಗ ಪಿಳುಕಸ್ತಾನ್ರಿ? ಅವ ಒಳಗ ಕುಂತಲ್ಲೇ ಯಾವಾಗೋ ಸತ್ತಿದ್ದ. ಸತ್ತಾವನ ಪಾರ್ಟ ಯಾರಾದ್ರೂ ಮಾಡ್ತಾರ. ಆಕ್ಟಿಂಗ ಅಂದ್ರ ಹೊರಗಿನ ಕುಂಟ ಫೌಜದಾರಂದು. ಕಡೀಕ ಬಾಗಲ ತೆಗಿಯಾಕ ಎಡಗಾಲ ಎಳಕೋತ ಮೆಟ್ಲ ಏರತಾನಲ್ರಿ... ಅವ ಅಳಲಿಲ್ಲ, ಅವನ ಕಾಲ ಅತ್ತಂಗ ಕಂಡಿತು ನನಗ."

ಮಾತು ಚಲೋ ಇತ್ತು. ಅದೇ ಅಂಬ್ರಪ್ಪನಿಗೆ ಸೇರಲಿಲ್ಲ. ಹಲಗಿಯವ ಸಿನಿಮಾ ನೋಡಬಹುದು. ಸಿನಿಮಾದ ಬಗ್ಗೆ ಹೇಳುವುದೆಂದರೇನು?

"ಎಡಗಾಲ ಅಲ್ಲಲೇ, ಬಲಗಾಲು."

"ಎಡಗಾಲ್ರಿ."

"ಹಿಂದ ಕುಂತು ನೋಡೋರಿಗೆ ಎಡ ಯಾವುದು ಬಲ ಯಾವುದು ಏನ ತಿಳೀತದ."

"ಹಿಂದ ಕುಂತಾವ್ರು ನಿನ್ನಿ ನೀವು," ಅಂದ ಮರಿಲಿಂಗಪ್ಪ. ಅಂದಮೇಲೆ ಬಾಯಿ ನಿಲ್ಲಲಿಲ್ಲ. "ನಾವು ರಸ್ತೆಕಡಿ ಮುಂದ ಕುಂತಿದ್ದಿವಿ. ಹಳ್ಳದ ಕಡಿ ಕುಂತು ನೀವೇ ಉಲ್ಟಾ ನೋಡೀರಿ ಸಾಹೇಬ್ರ."

ಮೌನಪ್ಪ ಕೆಮ್ಮಿದ. ಅಂಬ್ರಪ್ಪ ಸಿಟ್ಟಿಗೇಳಬೇಕಾಗಿತ್ತು. ಏಳಲಿಲ್ಲ, ಮೀಸೆಯ ಕೆಳಗೆ ನಕ್ಕ. ನಿನ್ನೆ ಹಳ್ಳದ ಗುಂಗುರು ಸೊಳ್ಳೆಗಳು ಕಡಿದು ಅವನ ಮೋರೆಯನ್ನು ಪೂರಿಯ ಹಾಗೆ ಉಬ್ಬಿಸಿದ್ದವು. ಧೋತರದ ತುಂಬ ಮುಳ್ಳು ಹತ್ತಿದ್ದವು. ಆ ಕಡೆ ಇನ್ನೊಂದು ದಿನ ಕೂರಲು ಊರಿನ ಯಾವ ಗಂಡಸೂ ತಯಾರಿದ್ದಿಲ್ಲ.

"ಶರ್ತು ಕಟ್ಟು ಹಂಗಾದ್ರ," ಅಂದ. "ಎಡಗಾಲ ಆಗಿದ್ರ ನಾಳಿಂದ ನೀ ಈ ಬೆಂಚಿನ ಮ್ಯಾಲ, ನನ್ನ ಬಾಜೂಕ ಕುಂತು, ಗಾಜಿನ ಗ್ಲಾಸಿನ್ಯಾಗ ಚಾ ಕುಡಿ. ಬಲಗಾಲ ಆಗಿದ್ರ ನಿಮ್ಮ ಮಂದೀನ ಕರಕೊಂಡು ಮೊದಲಿನಂಗ ಹಳ್ಳದ ಕಡಿ ಹೋಗು. ನಮ್ಮ ಖುಷೀಲೆ ಹೋಗೀವಿ ಅಂತ ಸಾಹೇಬ್ರಿಗೂ ಹೇಳಬೇಕು. ಆತೇನು?"

ಮರಿಲಿಂಗಪ್ಪ ಬೆಂಚು ನೋಡಿದ. ಕೇರಿಯ ಇಡೀ ಮಂದಿ ಎಡಗಾಲು ನೋಡಿತ್ತು. ಅದೂ ಮುಂದೆ ಕುಳಿತು.

"ಆತ್ರಿ," ಅಂದ.

ಸುದ್ದಿ ಊರೆಲ್ಲ ಹಬ್ಬಿತು. ಸಾಕ್ಷಿ ಕೂಡಿಸಲು ಇಬ್ಬರೂ ಹೊರಟರು. ಅಂಬ್ರಪ್ಪ ಬಜಾರದಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ಕುಂಟ ಹೆಂಗ ನಡದ, ನಡದು ತೋರಸ್ರಿ" ಅಂದ. ಕಿರಾಣಿಯವ, ದರ್ಜಿ, ಪೂಜಾರಿ, ಎಲ್ಲರೂ ಅಂಗಡಿ ಬಿಟ್ಟು ಇಳಿದು ಬಲಗಾಲು ಎಳೆದು ತೋರಿಸಿದರು. ಕೇರಿಯಲ್ಲಿ ಮರಿಲಿಂಗಪ್ಪ ಕೇಳಿದ. ಗಂಡಸರು, ಹೆಂಗಸರು, ಸೊಂಟದ ಮೇಲೆ ಕೂಸು ಹೊತ್ತವರು, ಎಲ್ಲರೂ ಎಡಗಾಲು ಎಳೆದರು. ಮುದುಕಿ ಮೋನಮ್ಮನಂತೂ ಕೋಲು ಬಿಸಾಕಿ, "ಹಿಂಗ ನೋಡಪಾ, ಹಿಂಗ" ಅನ್ನುತ್ತ ಅಂಗಳದ ತುಂಬ ಕುಂಟಿದಳು. ಎಷ್ಟೋ ದಿನಗಳ ಮೇಲೆ ಅವ್ವ ಆಟ ಆಡಿದ್ದನ್ನು ಕಂಡು ಮರಿಲಿಂಗಪ್ಪ ತಾನೂ ಅವಳ ಹಿಂದೆ ಎರಡು ಹೆಜ್ಜೆ ಕುಂಟಿದ.

ಮಧ್ಯಾಹ್ನದ ಹೊತ್ತಿಗೆ ನಡೆಯುವ ಶಹಾಪುರವೆಲ್ಲ ಕುಂಟುತ್ತಿತ್ತು.

ಅದೇ ಹೊತ್ತಿಗೆ ಹಳ್ಳಿ ತಿರುಗಾಟ ಮುಗಿಸಿ ದವಾಖಾನೆಯ ಕಂಪೌಂಡರ ಸೈಕಲ್ಲಿನಲ್ಲಿ ಬಂದ. ಬಜಾರ ನೋಡಿದ, ಸೈಕಲ್ಲಿನಿಂದ ಬಿದ್ದ. ಆ ಸೀಮೆಯಲ್ಲಿ ಕಾಲು ಎಳೆದರೆ ಅದಕ್ಕೆ ಒಂದೇ ಅರ್ಥ. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಿನೊಳಗೆ ನಾರುಹುಳ ಹೊಕ್ಕಿದೆ ಅಂತ.

"ಯಪ್ಪಾ, ಊರಿಗೂರೇ ಹತ್ಯಾದ!" ಅಂತ ಅವನು ತಂಬಾಕು ತಿಕ್ಕುವವರಂತೆ ಎರಡೂ ಕೈ ಉಜ್ಜುತ್ತ ಕೇರಿಗೆ ಓಡಿದ. ಅಲ್ಲೂ ಅದೇ. ನಿಂತು ನೋಡಿ ಅವನ ಬಾಯಿ ತೆರೆದೇ ಉಳಿಯಿತು. "ಊರಾಗೆಲ್ಲಾ ಬಲಗಾಲಿಗೆ, ಕೇರ್ಯಾಗೆಲ್ಲಾ ಎಡಗಾಲಿಗೆ! ಹುಳಕ್ಕ ಸೈತ ಜಾತಿ ಗೊತ್ತಾದಲ್ಲೋ!"

ಯಾರ ಮಾತೂ ಕೇಳದೆ ಊರ ಬಾವಿಗೂ ಕೇರಿಯ ಬಾವಿಗೂ ಅವನು ಚೀಲಗಟ್ಟಲೆ ಔಷಧದ ಪುಡಿ ಸುರಿದ. ತಹಸೀಲ್ದಾರನ ಹುಕುಂನಿಂದ ಆಗದ ಕೆಲಸ ಆಯಿತು. ಶಹಾಪುರದಲ್ಲಿ ಮೊದಲ ಸಲ ಎರಡೂ ಬಾವಿಯ ನೀರಿಗೆ ಒಂದೇ ರುಚಿ ಬಂತು. ಊರಿನ ಹೆಂಗಸರು ಖಾಲಿ ಕೊಡ ಹೊತ್ತು ಬಂದು ಮರಿಲಿಂಗಪ್ಪನಿಗೆ ಬೈದರು. ಕೇರಿಯ ಹೆಂಗಸರೂ ಖಾಲಿ ಕೊಡ ಹೊತ್ತು ಬಂದು ಮರಿಲಿಂಗಪ್ಪನಿಗೇ ಬೈದರು. ಬೈಗುಳದಲ್ಲೂ ಬರಾಬರಿ ಬಂದಿತ್ತು.

ಕೊನೆಗೆ ಫೈಸಲಾ ಡೇರೆಯಲ್ಲೇ ಆಗಲಿ ಅಂತ ತೀರ್ಮಾನವಾಯಿತು. ಸಂಜೆಯ ಆಟದ ಮೊದಲ ರೀಲು ಬಿಡುವುದು. ಕುಂಟ ಬಂದ ಕೂಡಲೇ ಮರಿಲಿಂಗಪ್ಪ ಹಳ್ಳದ ಕಡೆ ಹೋಗಿ ನೋಡುವುದು, ಅಂಬ್ರಪ್ಪ ರಸ್ತೆ ಕಡೆ ಬಂದು ನೋಡುವುದು.

ದೀಪ ಹಚ್ಚುವ ಹೊತ್ತಿಗೆ ಡೇರೆ ಹಿಡಿಸಲಾರದಷ್ಟು ಮಂದಿ. ಮೋನಮ್ಮ ರಸ್ತೆ ಕಡೆ ನಿನ್ನೆಯ ಜಾಗದಲ್ಲೇ ಕುಳಿತು ನಿನ್ನೆಯಷ್ಟೇ ಖುಷಿಯಲ್ಲಿದ್ದಳು. ರೀಲು ಓಡಿತು. ಕುಂಟ ಫೌಜದಾರ ಕುದುರೆ ಇಳಿದು ಎಡಗಾಲು ಎಳೆಯುತ್ತ ಬಂದ. "ಎಡಗಾಲು!" ಅಂತ ಕೇರಿ ಕೂಗಿತು. "ಬಲಗಾಲು!" ಅಂತ ಪರದೆಯ ಆಚೆಯಿಂದ ಊರು ಕೂಗಿತು.

ಮರಿಲಿಂಗಪ್ಪ ಪರದೆಯ ಅಂಚಿನ ಬಿದಿರಿನ ಗಳದ ಕೆಳಗೆ ನುಸುಳಿ ಹಳ್ಳದ ಕಡೆ ಎದ್ದು ನಿಂತ.

ಎದ್ದು ನಿಂತದ್ದೇ ತಡ, ಪರದೆಯ ಮೇಲೆ ಫೌಜದಾರನ ಪಕ್ಕದಲ್ಲಿ ಒಂದು ದೊಡ್ಡ ಕರಿ ತಲೆ ಮೂಡಿತು. ರುಮಾಲು ಸುತ್ತಿದ ತಲೆ.

"ತಲಿ ತಗೀಯಲೇ!" ಕುರ್ಚಿಗಳು ಚೀರಿದವು.

ಅದು ತನ್ನದೇ ತಲೆ ಅಂತ ಅವನಿಗೆ ತಿಳಿಯಲು ಹೊತ್ತು ಹಿಡಿಯಿತು. ಇಷ್ಟು ವರ್ಷ ಸಿನಿಮಾ ನೋಡಿದವನು. ಪರದೆಯ ಮೇಲೆ ತನ್ನ ನೆರಳು ಬಿದ್ದದ್ದನ್ನು ಒಮ್ಮೆಯೂ ಕಂಡಿದ್ದಿಲ್ಲ. ಅವನ ಪಾಲಿಗೆ ಬೆಳಕು ಯಾವಾಗಲೂ ಪರದೆ ತೂರಿಕೊಂಡು ಎದುರಿನಿಂದ ಬಂದು ಕಣ್ಣಿಗೆ ಚುಚ್ಚುತ್ತಿತ್ತು. ಇವತ್ತು ಬೆನ್ನಿಗೆ ಬಿದ್ದಿತ್ತು. ಬೆನ್ನು ಬೆಚ್ಚಗಾಗಿತ್ತು. ಹಿಂದೆ ಕಿರ್ರ್ ಕಿರ್ರ್ ಅನ್ನುವ ಸದ್ದು. ತಿರುಗಿ ನೋಡಿದ. ಕುರ್ಚಿಗಳ ಹಿಂದೆ, ಕಲ್ಲು ಹೂಳಿ ಕಟ್ಟಿದ ಕಟ್ಟೆಯ ಮೇಲೆ, ಸಿನಿಮಾ ಬಿಡುವ ಮಶೀನು ಕುಳಿತಿತ್ತು. ಅದರ ಬಾಜೂಕೆ ಸೊಂಟಕ್ಕೆ ಪಂಚೆ ಬಿಗಿದುಕೊಂಡು ಮೈನುದ್ದೀನ ನಿಂತಿದ್ದ. ಮಶೀನು ನಡೆಸುವವನು ಅವನೇ.

ಮರಿಲಿಂಗಪ್ಪ ಅವನ ಹತ್ತಿರ ಹೋದ. "ಮೈನುಭಾಯಿ, ಇದು ರಸ್ತೆಕಡಿ ಇತ್ತಲ್ಲ?"

"ಹೂಂ, ಮೊನ್ನಿ ತನಕ. ನಿಮ್ಮ ಮಂದಿ ಆ ಕಡಿ ಬರತಾರಂದ ಕೂಡಲೇ ಮಾಲಕ ಇದನ್ನ ಈ ಕಡಿ ಹೊರಿಸಿದ. ಮಶೀನ ಎಲ್ಲಿರತದೋ ಅದೇ ಮುಂದು, ಭಾಯಿ. ನಿನಗ ಹೇಳಬ್ಯಾಡ ಅಂದಿದ್ರು." ಮೈನುದ್ದೀನ ಸೊಂಟ ಹಿಡಿದುಕೊಂಡ. "ಎತ್ತಿ ಎತ್ತಿ ನನ್ನ ಸೊಂಟ ಮುರದು ಹೋತು. ಇನ್ನ ಈ ಊರ ಬಿಡೂತನಕ ಇದಕ್ಕ ಕೈ ಹಚ್ಚಂಗಿಲ್ಲ ನಾ."

ಪರದೆಯ ಆಚೆ ಅವ್ವ ಕುಳಿತಿದ್ದಳು. ಮುಂದೆ ಕುಳಿತಿದ್ದೇನೆ ಅಂದುಕೊಂಡು, ಹಿಂದೆ.

ಕೂಗಾಡಬೇಕು ಅನ್ನಿಸಿತು. ಕೂಗಿ ಯಾರಿಗೆ ಹೇಳುವುದು? ತಹಸೀಲ್ದಾರ ಯಾದಗಿರಿಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಡೇರೆ ಮುಂದಿನ ಊರು ಸುರಪುರಕ್ಕೆ ಹೋಗಿರುತ್ತಿತ್ತು. ಆಗ ಮರಿಲಿಂಗಪ್ಪನ ತಲೆಯಲ್ಲಿ ಇನ್ನೊಂದು ಯೋಚನೆ ಹೊಳೆಯಿತು. ಸೋತರೆ ತಾವು ಎಲ್ಲಿಗೆ ಹೋಗಬೇಕು? ಹಳ್ಳದ ಕಡೆ. ಹಳ್ಳದ ಕಡೆ ಏನಿದೆ? ಮಶೀನು!

ನಗೆ ಬಂತು. ಹಲ್ಲು ಕಚ್ಚಿ ಅದನ್ನು ನುಂಗಿದ. ಅಂಬ್ರಪ್ಪ ಆಚೆ ದಾಟುವ ಮೊದಲೇ ಪರದೆಯ ಮುಂದೆ ಹೋಗಿ ನಿಂತು ಎದೆ ಬಡಿದುಕೊಂಡ.

"ಸೋತ್ನೆಪ್ಪೋ ಸೋತೆ! ಬಲಗಾಲೇ ಅದ! ನನ್ನ ಕಣ್ಣಿಗಿ ಬೆಂಕಿ ಬೀಳಲಿ!"

ರೀಲು ನಿಂತಿತು. ಗ್ಯಾಸಬತ್ತಿ ಹಚ್ಚಿದರು. ಕೇರಿ ತಲೆ ಮೇಲೆ ಕೈ ಹೊತ್ತಿತು, ಊರು ಸಿಳ್ಳೆ ಹಾಕಿತು. ಮರಿಲಿಂಗಪ್ಪ ಅಳುತ್ತ ಅಳುತ್ತ ಬಸವಂತ್ರಾಯನ ಕಾಲಿಗೆ ಬಿದ್ದ. ಕುಂಟ ಫೌಜದಾರನೂ ಹಾಗೆ ಬೀಳಲಾರ.

"ಮಾಲಕ್ರೇ, ಮಾತಿಗೆ ತಪ್ಪಂಗಿಲ್ಲ. ನಮ್ಮ ಮಂದಿ ಹಳ್ಳದ ಕಡೀಗೆ ಹೋಗತೀವಿ. ಆದ್ರ ಒಂದು ಆಣಿ ಮಾಡ್ರಿ. ಇನ್ನ ಯಾರೇ ಬರಲಿ, ಏನೇ ಆಗಲಿ, ಅಲ್ಲಿಂದ ನಮ್ಮನ್ನ ಕದಲಸಬಾರದು."

ಬಸವಂತ್ರಾಯ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಒಬ್ಬ ನಟ ಇನ್ನೊಬ್ಬ ನಟನನ್ನು ನೋಡುವ ಹಾಗೆ. ಆಮೇಲೆ ಅವನ ಕಣ್ಣಲ್ಲೂ ನೀರು ತುಂಬಿತು. ಬಾಗಿ ಮರಿಲಿಂಗಪ್ಪನನ್ನು ಎಬ್ಬಿಸಲು ಕೈ ಚಾಚಿದ. ಮುಟ್ಟಲಿಲ್ಲ, ಗಾಳಿಯಲ್ಲೇ ಎಬ್ಬಿಸಿದ. ಹಣೆಯ ವಿಭೂತಿ ಮುಟ್ಟಿ ಎಲ್ಲರಿಗೂ ಕೇಳುವ ಹಾಗೆ ಅಂದ:

"ಮರಿಲಿಂಗಪ್ಪನೋರೇ, ಹಳ್ಳದ ಕಡೀಂದ ನಿಮ್ಮನ್ನ ಕದಲಸಿದ್ರ ನನ್ನ ವಂಶ ಬೆಳೀಬಾರದು. ಏಳ್ರಿ. ಇಂಜಿನ ಕಾದದ, ಅದು ತಣ್ಣಗಾಗೂತನಕ ಎಲ್ಲಾರೂ ಹೊರಗ ಬರ್ರಿ. ಇವತ್ತ ಚಾ ನಂದು. ಊರಿಗೂ, ಕೇರಿಗೂ."

ಹೊರಗೆ ಕೇರಿಯ ಮಂದಿ ತಗಡಿನ ಬಟ್ಟಲು ಹಿಡಿದು ಮೋರೆ ಇಳಿಬಿಟ್ಟು ಚಾ ಕುಡಿಯಿತು. "ನಿನ್ನ ಬಾಯಾಗ ಮಣ್ಣ ಹಾಕಲಿ, ಇದ್ದ ಜಾಗಾನೂ ಕಳದಿ" ಅಂತ ಒಬ್ಬ ಮುದುಕ ಮರಿಲಿಂಗಪ್ಪನ ಮುಂದೆ ಉಗುಳಿದ. ಮರಿಲಿಂಗಪ್ಪ ನಗೆ ಕಾಣದ ಹಾಗೆ ಬಟ್ಟಲನ್ನು ಬಾಯಿಗೆ ಹಿಡಿದ. ಚಾ ಎಂದೂ ಅಷ್ಟು ಸಿಹಿಯಿದ್ದದ್ದಿಲ್ಲ.

ಬಿಡುವು ಮುಗಿದು ಕತ್ತಲೆಯಲ್ಲಿ ಎಲ್ಲರೂ ಒಳಗೆ ಹೋದರು. ಅವ್ವನ ಕೈ ಹಿಡಿದು ಹಳ್ಳದ ಕಡೆ, ಎಲ್ಲರಿಗಿಂತ ಮುಂದೆ ಕೂರಿಸಿದ. ಮೋನಮ್ಮ ಅರಿವೆಯ ಅಂಚು ಸವರಿ ನೋಡಿದಳು.

"ಮತ್ತ ಹಿಂದಕ್ಕೇನಪಾ?"

ಅವನು ಅವಳ ಕಿವಿಯಲ್ಲಿ ಬಾಯಿಟ್ಟ. "ಯವ್ವಾ, ಇದೇ ಮುಂದು. ನಿನ್ನಿದು ಹಿಂದಿತ್ತು. ನಮಗ ಮೋಸ ಮಾಡಿದ್ರು, ನಾನೂ ತಿರುಗಿ ಮಾಡೀನಿ. ಯಾರ ಮುಂದೂ ಹೇಳಬ್ಯಾಡ."

"ಹಂಗಾದ್ರ ನಿನ್ನಿ ನಾ ನೋಡಿದ್ದು?"

"ಅದು ಸುಳ್ಳು. ಈಗ ನೋಡು, ಇದು ಖರೇ."

ನಿನ್ನೆ ತುಂಬಿದ ಹೊಟ್ಟೆ ಖಾಲಿಯಾದಂತೆ ಅವಳ ಭುಜ ಕುಸಿಯಿತು. ಮರಿಲಿಂಗಪ್ಪ ಅದನ್ನು ಕಂಡ. ಇರಲಿ, ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಅಂದುಕೊಂಡ. ಗ್ಯಾಸಬತ್ತಿ ಆರಿತು. ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. ಬೆಚ್ಚಗಿನ ಬೆಳಕಿಗೆ, ಹಿಂದಿನ ಕಿರ್ರ್ ಸದ್ದಿಗೆ ಬೆನ್ನನ್ನು ಹಾಸಿ ಕಾದ.

ಕಿರ್ರ್ ಅಂತು. ಪರದೆಯ ಆಚೆಯಿಂದ.

ಬೆಳಕು ಅರಿವೆ ತೂರಿಕೊಂಡು ಎದುರಿನಿಂದ ಬಂದು ಕಣ್ಣಿಗೆ ಚುಚ್ಚಿತು. ಬೆನ್ನಿಗೆ ಹಳ್ಳದ ತಣ್ಣನೆಯ ಗಾಳಿ, ಗುಂಗುರು. ತಿರುಗಿ ನೋಡಿದ. ಕಲ್ಲಿನ ಕಟ್ಟೆ ಇತ್ತು, ಮೇಲೆ ಏನೂ ಇದ್ದಿಲ್ಲ. ಬಿಡುವಿನಲ್ಲಿ ಮೈನುದ್ದೀನ ಕೈ ಹಚ್ಚಲಾರೆ ಅಂದಿದ್ದನಂತೆ. ಊರಿನ ಗಂಡಸರೇ ಹೊತ್ತರಂತೆ. ಹುಟ್ಟಿದಾಗಿನಿಂದ ತನ್ನ ತಂಬಿಗೆ ತಾನು ಎತ್ತಿ ಗೊತ್ತಿಲ್ಲದ ಅಂಬ್ರಪ್ಪ ಮುಂದಿನ ಕಾಲು ಹಿಡಿದಿದ್ದನಂತೆ.

ಬಸವಂತ್ರಾಯ ಮಾತಿಗೆ ತಪ್ಪಿದ್ದಿಲ್ಲ. ಕೇರಿಯನ್ನು ಯಾರೂ ಕದಲಿಸಿದ್ದಿಲ್ಲ. ಇಷ್ಟು ದಿನ ಮನುಷ್ಯರನ್ನು ಎಬ್ಬಿಸಿ ದಾಟಿಸುವುದನ್ನಷ್ಟೇ ಕಂಡಿದ್ದ ಮರಿಲಿಂಗಪ್ಪನಿಗೆ, ಮನುಷ್ಯರನ್ನು ಕೂರಿಸಿಟ್ಟು ಮಶೀನಿನ ಜೊತೆ 'ಮುಂದು' ಅನ್ನುವುದನ್ನೇ ಮತ್ತೆ ಹೊತ್ತೊಯ್ಯಬಹುದು ಅಂತ ಹೊಳೆದಿದ್ದಿಲ್ಲ.

ರೀಲು ಮೊದಲಿನಿಂದ ಶುರುವಾಗಿತ್ತು. ಪರದೆಯ ಮೇಲೆ ಕುಂಟ ಫೌಜದಾರ ಮತ್ತೆ ಕುದುರೆ ಇಳಿದ. ಎಡಗಾಲು ಎಳೆಯುತ್ತ ಬಾಗಿಲ ಕಡೆ ನಡೆದ.

ಮೋನಮ್ಮ ಮಗನ ತೊಡೆ ಹಿಡಿದು ಅಲುಗಾಡಿಸಿದಳು. "ಲಿಂಗಪ್ಪಾ, ಎಡಗಾಲೇ ಅದಲ್ಲಪಾ! ಮುಂದ ಕುಂತು ನೋಡಿದ್ರೂ ಎಡಗಾಲೇ! ನೀ ಅಂದದ್ದೇ ಖರೇ ಆತು. ಸುಮ್ನ ಸೋತೆ ಅಂದಿ ನನ್ನಪ್ಪಾ, ಗೆದ್ದಾವ ನೀನು!"

"ಹೂಂ ಯವ್ವಾ," ಅಂದ. ಅವಳಿಗೆ ಇನ್ನೊಂದು ಸಲ ಖರೇ ಸಂಗತಿ ಹೇಳುವ ಧೈರ್ಯ ಅವನಲ್ಲಿ ಉಳಿದಿದ್ದಿಲ್ಲ.

ಮುದುಕಿಗೆ ಮತ್ತೆ ಹುರುಪು ಬಂದಿತ್ತು. "ಅಲ್ಲಪಾ, ಮುಂಜಾನಿಂದ ಬಡದಾಡೀರಿ. ಖರೇ ಹೇಳು, ಚಲೋ ಆಕ್ಟಿಂಗ ಯಾರದು? ಕುಂಟಂದೋ, ಕರಿ ಟೊಪ್ಪಿಗಿ ಡಾಕೂಂದೋ?"

ಪರದೆಯ ಅಂಚಿನಿಂದಾಚೆ, ಡೇರೆಯ ಬಾಗಿಲಲ್ಲಿ, ಬಂದವರಿಗೆಲ್ಲ ಕೈ ಮುಗಿಯುತ್ತ ಬಸವಂತ್ರಾಯ ನಿಂತಿದ್ದ. ಅವನ ಕಣ್ಣಲ್ಲಿ ಇನ್ನೂ ನೀರು ಇದ್ದಂತಿತ್ತು.

"ಇಬ್ಬರದೂ ಅಲ್ಲ ಯವ್ವಾ," ಅಂದ ಮರಿಲಿಂಗಪ್ಪ. "ಬಾಗಲದಾಗ ಕೈ ಮುಗದು ನಿಂತಾನಲ್ಲ, ಅವಂದು."

"ಯಾರಪಾ ಅವ? ನನಗ ಕಾಣವಲ್ಲ," ಅಂದಳು ಮೋನಮ್ಮ. ಉಳಿದಿದ್ದ ಒಂದು ಕಣ್ಣನ್ನು ಕಿರಿದು ಮಾಡಿ, ಅರಿವೆಗೆ ಮೂಗು ತಾಗಿಸಿ, ಸಿನಿಮಾದೊಳಗಿನ ಬಾಗಿಲಲ್ಲಿ ಅವನನ್ನು ಹುಡುಕತೊಡಗಿದಳು.